ಪುಟ್ಟಿ, ಆ ಮೆಟ್ಟಿಲಿನ ವಿಷ್ಯ

ಪುಟ್ಟಿ,

ಫೋನಲ್ಲಿ ಮಾತಾಡಕ್ಕೆ ಹೋದ್ರೆ ನಾನು ಕೂಗಾಡ್ತೀನಿ, ನೀನು ಕಟ್ ಮಾಡ್ತೀಯ, ನಿನ್ನೆ ಆಗಿದ್ದೂ ಅದೇ ತಾನೆ. ಅದಕ್ಕೇ ಬರೀತಿದೀನಿ. ಸೋಮವಾರ ಆಪರೇಷನ್ ಅಂತ ನಿನ್ನ ರೂಮ್‌ಮೇಟ್ ಬಾಯಿಂದ ಗೊತ್ತಾಗ್ಬೇಕಾಯ್ತಾ ನಮಗೆ? ಅಕ್ಟೋಬರಲ್ಲೇ ಮಂಡಿ ಲಿಗಮೆಂಟ್ ಹರಿದಿದೆ, ನೀನು ಬ್ಯಾಂಡೇಜ್ ಸುತ್ಕೊಂಡು ಕ್ಲಾಸು, ಲ್ಯಾಬು, ದೀಪಾವಳಿಗೆ ಬಂದು ಅಮ್ಮನ ಪಕ್ಕ ನಿಂತ್ಕೊಂಡು ಕಜ್ಜಾಯ ಬೇರೆ ಕರಿದಿದೀಯ... ಇರ್ಲಿ, ಮತ್ತೆ ಜಗಳ ಬೇಡ.

ರಾತ್ರಿ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದ್ರೆ 2024ರ ನವೆಂಬರ್ 30, ನಿಮ್ಮ ಇಂಡಿಯಾನಾ ಯೂನಿವರ್ಸಿಟಿಗೂ ಪರ್ಡ್ಯೂಗೂ ಅಮೆರಿಕನ್ ಫುಟ್‌ಬಾಲ್ ಮ್ಯಾಚ್. ಮೆಮೋರಿಯಲ್ ಸ್ಟೇಡಿಯಂ ಮೆಟ್ಟಿಲು. ನೀನು ಕಂಬಿ ಹಿಡ್ಕೊಂಡು ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು ಹತ್ತುತಿದ್ದೆ, ನಾನು ಹತ್ತು ಮೆಟ್ಟಿಲು ಮೇಲೆ ನಿಂತು "ಏನಜ್ಜಿ, ಕಿಕಾಫ್ ಆಗೋಗುತ್ತೆ, ಬೇಗ ಬಾ" ಅಂತ ಎಲ್ರಿಗೂ ಕೇಳೋ ಹಾಗೆ ಕೂಗಿದೆ. ನೀನು ನಕ್ಕು "ಶೂ ಟೈಟಪ್ಪ" ಅಂದೆ. ನಾನು ನಂಬಿದೆ. ಯಾಕೆ ನಂಬಿದೆ ಅಂತಲೇ ರಾತ್ರಿಯೆಲ್ಲಾ ಯೋಚ್ನೆ. ಎರಡು ಕೈಯಲ್ಲಿ ಕಂಬಿ ಹಿಡಿದಿದ್ದೆ, ಗ್ಲೌಸ್ ಕೂಡ ಇರ್ಲಿಲ್ಲ, ಆ ಚಳೀಲಿ ಕಬ್ಬಿಣ ಹಿಡಿಯೋರು ಯಾರು? ಶೂ ಟೈಟಿದ್ರೆ ಬಿಚ್ಚಿ ಕಟ್ತಾರೆ, ಕಂಬಿ ಹಿಡೀತಾರಾ?

ಆಮೇಲೆ ಪ್ರತಿ ಟಚ್‌ಡೌನ್‌ಗೂ ಎದ್ದು ನಿಂತ್ಯಲ್ಲ ಮಾರಾಯ್ತಿ. ನಮ್ಮ ಟೀಮಿನ ಚೆಂಡೆಸೆಯೋ ಕ್ವಾರ್ಟರ್‌ಬ್ಯಾಕ್ ರೋರ್ಕ್ ಒಬ್ನೇ ಆರು ಎಸೆದ, 66-0 ಆಯ್ತು, ಕೂತ್ಕೊಳೋಕೆ ಪುರುಸೊತ್ತೆಲ್ಲಿತ್ತು. ಮ್ಯಾಚ್ ಮುಗಿದು ಜನ ಇಳೀತಿದ್ರೂ ನೀನು ಏಳ್ಲಿಲ್ಲ, ಈ ಎರಡು ಟೀಮಲ್ಲಿ ಗೆದ್ದೋರಿಗೆ ಸಿಗೋ ಟ್ರೋಫಿ, ಆ ಓಲ್ಡ್ ಓಕನ್ ಬಕೆಟ್ ಕಥೆ ಶುರು ಹಚ್ಕೊಂಡೆ. ಬಾವಿಯ ಹಳೇ ಮರದ ಬಕೆಟ್ಟು, ಗೆದ್ದೋರ ಅಕ್ಷರದ ಕೊಂಡಿ ವರ್ಷಕ್ಕೊಂದು ಸರಪಣಿಗೆ ಸೇರುತ್ತೆ, 1925ರಲ್ಲಿ ಮೊದಲನೇದೇ 0-0 ಡ್ರಾ ಆಗಿದ್ದಕ್ಕೆ ಆ ಕೊಂಡೀಲಿ ಐ, ಪಿ ಎರಡೂ ಇದೆ ಅಂತ. ನಾನು ಅಜ್ಜಿ ಮನೆ ಬಾವಿ, ರಾಟೆ ನೆನೆಸ್ಕೊಂಡು ಖುಷಿಯಾಗಿ ಕೇಳ್ತಾ ಕೂತಿದ್ದೆ. ಈಗ ಗೊತ್ತಾಗ್ತಿದೆ, ಮೆಟ್ಟಿಲು ಖಾಲಿ ಆಗ್ಲಿ ಅಂತ ಕಾಯ್ತಿದ್ದೆ ನೀನು.

ನಿಜ ಹೇಳ್ತೀನಿ, ಆ ಸೀಸನ್ ನನ್ನ ತಲೆ ಕೆಡಿಸಿತ್ತು. 2023ರಲ್ಲಿ ನೀನು ಇಂಡಿಯಾನಾ ಸೇರಿದ ವರ್ಷ ಮೂರು ಗೆದ್ದು ಒಂಬತ್ತು ಸೋತಿದ್ರು, ಇಡೀ ದೇಶದ ದೊಡ್ಡ ಕಾಲೇಜ್ ಟೀಮುಗಳಲ್ಲಿ ಇತಿಹಾಸದಲ್ಲೇ ಅತಿ ಹೆಚ್ಚು ಸೋತಿರೋರು ಇವ್ರೇ ಅಂತ ಹೇಳ್ಕೊಂಡು ಆಫೀಸಲ್ಲಿ ನಾನೂ ನಗ್ತಿದ್ದೆ. ಜೇಮ್ಸ್ ಮ್ಯಾಡಿಸನ್ ಯೂನಿವರ್ಸಿಟಿಯಿಂದ ಹೊಸ ಕೋಚ್ ಸಿಗ್ನೆಟ್ಟಿ ಬಂದ, ಅಲ್ಲಿಂದಲೇ ಹುಡುಗರನ್ನೂ ಕರ್ಕೊಂಡು ಬಂದ, ಮೊದಲ ಹತ್ತು ಮ್ಯಾಚೂ ಗೆದ್ದ. ಒಂದು ಸೀಸನ್ನಿಗೆ ಒಂಬತ್ತು ದಾಟದ ಟೀಮು ಹನ್ನೊಂದು ಗೆಲ್ತು. ಓಹಾಯೋ ಸ್ಟೇಟ್ ಮುಂದೆ, ಆಮೇಲೆ ಪ್ಲೇಆಫಲ್ಲಿ ನೋಟ್ರ್ ಡೇಮ್ ಮುಂದೆ ಸೋತಿದ್ದು ಬಿಡು, ನಮ್ಮನೇಲೂ ಅವತ್ತು ಸೂತಕ.

ಆಮೇಲೆ ಈ ಜನವರೀಲಿ ನ್ಯೂಸ್ ಬಂತು, ರೋರ್ಕ್ ಇಡೀ ಸೀಸನ್ ಹರಿದ ಎಸಿಎಲ್‌ನಲ್ಲೇ, ಅಂದ್ರೆ ಹರಿದ ಮಂಡಿ ಲಿಗಮೆಂಟಲ್ಲೇ, ಆಡಿದ್ದು ಅಂತ. ಮಧ್ಯದಲ್ಲಿ ನೆಬ್ರಾಸ್ಕ ಮ್ಯಾಚಲ್ಲಿ ಹೆಬ್ಬೆರಳಿಗೆ ಪೆಟ್ಟಾಗಿ, ಅದಕ್ಕೂ ಆಪರೇಷನ್ನಾಗಿ, ಬರೀ ಒಂದೇ ಮ್ಯಾಚ್ ಬಿಟ್ಟಿದ್ದ. ಆಫೀಸ್ ಗ್ರೂಪಲ್ಲಿ "ಗಂಡಸು ಅಂದ್ರೆ ಇವನು" ಅಂತ ಯಾರೋ ಹಾಕಿದ್ರು, ನಾನೂ ಥಂಬ್ಸಪ್ ಒತ್ತಿದೆ. ಮಾರನೇ ದಿನ ನಿನ್ನ ರೂಮ್‌ಮೇಟ್ ಫೋನು.

ಆ ಥಂಬ್ಸಪ್‌ನ ಡಿಲೀಟ್ ಮಾಡಿದೀನಿ, ಗೊತ್ತಾ? ಈಗ ನಿಂಗೆ ಬೈಯ್ಯಕ್ಕೂ ಬಾಯಿಲ್ಲ ನಂಗೆ. ನನ್ನ ಮಗಳು ಬಿದ್ರೆ ಅಳಲ್ಲ, ಇಂಜೆಕ್ಷನ್ನಿಗೆ ಕೈ ನೀಡ್ತಾಳೆ ಅಂತ ಕನ್ನಡ ಸಂಘದ ಪಿಕ್ನಿಕ್‌ಗಳಲ್ಲಿ ಕೊಚ್ಕೊಂಡಿದ್ದು ನಾನೇ. ನೀನು ಅಳದೇ ಇರೋದನ್ನ ಅಭ್ಯಾಸ ಮಾಡ್ಕೊಂಡೆ, ಅಷ್ಟೇ. ತಪ್ಪಾಯ್ತು ಕಣೆ.

ಆದ್ರೂ ಒಂದು ಮಾತು. ರೋರ್ಕ್‌ಗೆ ಡಾಕ್ಟ್ರು, ಟ್ರೇನರ್ರು, ಬ್ರೇಸು ಎಲ್ಲಾ ಇತ್ತು, ನಿಂಗಿದ್ದಿದ್ದು ಯೂಟ್ಯೂಬು. ನೋವು ಅಂದ್ರೆ ಮೈ ಹೇಳೋ ಮಾತು, ಅದನ್ನ ಕೇಳ್ಬೇಕು, ಫಿಸಿಯೋ ಒಂದು ದಿನಾನೂ ತಪ್ಪಿಸ್ಬಾರ್ದು, ರಾತ್ರಿ ಎರಡರ ತನಕ ಎದ್ದಿರೋದು ನಿಲ್ಸು, ರಾಗಿ ಹಿಟ್ಟು ಕಳ್ಸಿದ್ರೆ ಡಬ್ಬಿ ಹಾಗೇ ವಾಪಸ್ ತರ್ಬೇಡ, ಸಾಕರ್ ಈ ವರ್ಷ ಪೂರ್ತಿ ಬಂದ್... ನೋಡು, ಲೆಕ್ಚರ್ ಬೇಡ ಅಂತಲೇ ಶುರು ಮಾಡಿದ್ದು.

ಭಾನುವಾರ ಮಧ್ಯಾಹ್ನ ಬರ್ತೀವಿ. ಇನ್ಶೂರೆನ್ಸ್‌ನೋರ ಹತ್ರ ನಾನೇ ಮಾತಾಡಿದೀನಿ. ಅಮ್ಮ ಸಾರಿನ ಪುಡಿ ಕುಟ್ತಿದಾಳೆ, ಮುಖ ಊದ್ಕೊಂಡಿದೆ, ನನ್ ಹತ್ರ ಮಾತಿಲ್ಲ.

ಈಗಷ್ಟೇ ಬಂದು ಒಂದೇ ಪ್ರಶ್ನೆ ಕೇಳಿದ್ಲು, ಯಾವ ಕಾಲು ಅಂತ. ರೋರ್ಕ್‌ದು ಬಲ ಮಂಡಿ ಅಂತ ನಂಗೊತ್ತು. ನಿಂದು ಗೊತ್ತಿಲ್ಲ, ಅಷ್ಟು ಕೂಗಾಡಿದ್ರಲ್ಲಿ ಕೇಳೇ ಇಲ್ಲ. ಮೆಸೇಜ್ ಹಾಕು.

ಅಪ್ಪ