ಮಿಸಿಸಿಪ್ಪಿ ತೀರದಿಂದ ಅಕ್ಕನಿಗೆ

ಸೇಂಟ್ ಲೂಯಿಸ್, ಅಮೆರಿಕ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಾವಿಲ್ಲಿ ಎಲ್ಲರೂ ಆರಾಮ. ಅಮ್ಮನ ಮಂಡಿ ನೋವು ಹೇಗಿದೆ? ಫೋನಿನಲ್ಲಿ ಕೇಳಿದರೆ ಬರೀ ‘ಪರವಾಗಿಲ್ಲ’ ಅಂತಾಳೆ. ನೀನೇ ಬರೆದು ತಿಳಿಸು.

ಒಳ್ಳೆ ಪುಸ್ತಕ ಓದಿದರೆ ಹೇಳು ಅಂದಿದ್ದೆಯಲ್ಲ. ಮಾರ್ಕ್ ಟ್ವೈನ್‌ನ ‘ಹಕಲ್‌ಬೆರಿ ಫಿನ್’ ಮುಗಿಸಿದೆ. ಬೇಸರ ಇನ್ನೂ ಹೋಗಿಲ್ಲ. ಕತೆ ನಡೆಯುವುದು ಇಲ್ಲೇ ಹರಿಯುವ ಮಿಸಿಸಿಪ್ಪಿ ನದಿಯಲ್ಲಿ, ಗುಲಾಮಗಿರಿಯ ಕಾಲದಲ್ಲಿ. ಕುಡುಕ ಅಪ್ಪನಿಂದ ತಪ್ಪಿಸಿಕೊಂಡ ಹುಡುಗ ಹಕ್. ಒಡತಿ ತನ್ನನ್ನು ಮಾರಿಬಿಡುತ್ತಾಳೆ ಅಂತ ಓಡಿಬಂದ ಜಿಮ್. ಇಬ್ಬರೂ ಒಂದೇ ತೆಪ್ಪದಲ್ಲಿ ಹೊರಡುತ್ತಾರೆ.

ಅಲ್ಲಿಂದ ಎಷ್ಟು ಚೆನ್ನಾಗಿದೆ ಗೊತ್ತಾ! ಒಂದು ಕಡೆ ಜಿಮ್ ತನ್ನ ನಾಲ್ಕು ವರ್ಷದ ಮಗಳ ವಿಷಯ ಹೇಳುತ್ತಾನೆ. ಬಾಗಿಲು ಹಾಕು ಅಂದರೆ ಮಗು ಸುಮ್ನೆ ನಗುತ್ತಾ ನಿಂತಿತ್ತಂತೆ. ಸಿಟ್ಟಿನಲ್ಲಿ ಹೊಡೆದುಬಿಟ್ಟ. ಆಮೇಲೆ ಗಾಳಿಗೆ ಬಾಗಿಲು ಧಡಾರಂತ ಬಡಿದುಕೊಂಡರೂ ಮಗು ಮಿಸುಕಲಿಲ್ಲ. ಜ್ವರ ಬಂದು ಕಿವಿಯೇ ಹೋಗಿತ್ತು. ಅದನ್ನು ಹೇಳಿಕೊಂಡು ಅವನು ಪಡುವ ಸಂಕಟ ನೀನೇ ಓದಬೇಕು. 31ನೇ ಅಧ್ಯಾಯದಲ್ಲಿ ಹಕ್, ಜಿಮ್ ಎಲ್ಲಿದ್ದಾನೆಂದು ಒಡತಿಗೆ ಬರೆದಿದ್ದ ಚೀಟಿ ಹರಿದುಹಾಕಿ, ನರಕಕ್ಕೆ ಹೋದರೂ ಸರಿ ಅನ್ನುತ್ತಾನೆ.

ಆಮೇಲೆ ಹಕ್‌ನ ಗೆಳೆಯ ಟಾಮ್ ಸಾಯರ್ ಬಂದು ಎಲ್ಲ ಹಾಳು. ಓಡಿಬಂದ ಗುಲಾಮ ಅಂತ ಜಿಮ್‌ನನ್ನು ಹಿಡಿದು ಒಂದು ಗುಡಿಸಿಲಲ್ಲಿ ಕೂಡಿಹಾಕಿದ್ದಾರೆ, ಸರಪಳಿ ಮಂಚದ ಕಾಲಿಗಿದೆ. ಮಂಚ ಎತ್ತಿದರೆ ಸಾಕು, ಬಿಡಿಸಿಕೊಂಡು ಹೋಗಬಹುದು. ಆದರೆ ಟಾಮ್‌ಗೆ ತಾನು ಓದಿದ ಸಾಹಸದ ಕತೆಗಳ ಹಾಗೇ ಆಗಬೇಕು. ಹಾವು, ಇಲಿ, ಜೇಡ ಎಲ್ಲ ತಂದು ಒಳಗೆ ಬಿಡುತ್ತಾನೆ. ಅಲ್ಲಿಗೆ ತರಬೇಕೆಂದ ಒಂದು ದೊಡ್ಡ ಸಾಣೆಕಲ್ಲು ಹುಡುಗರ ಕೈಲಿ ಉರುಳೋದಿಲ್ಲ. ಆಗ ಜಿಮ್‌ನೇ ಮಂಚ ಎತ್ತಿ, ಸರಪಳಿಯನ್ನು ಕುತ್ತಿಗೆಗೆ ಸುತ್ತಿಕೊಂಡು ಹೊರಗೆ ಬಂದು, ಕಲ್ಲು ಉರುಳಿಸಿಕೊಟ್ಟು, ಮತ್ತೆ ಒಳಗೆ ಹೋಗಿ ಸರಪಳಿ ಹಾಕಿಸಿಕೊಳ್ಳುತ್ತಾನೆ! ಮಗಳಿಗಾಗಿ ಅಷ್ಟು ನೊಂದ ಮನುಷ್ಯ ಇವನೇನಾ? ಕೊನೆಗೆ ನೋಡಿದರೆ ಒಡತಿ ಎರಡು ತಿಂಗಳ ಹಿಂದೆಯೇ ಸತ್ತಿದ್ದಾಳೆ, ಉಯಿಲಿನಲ್ಲಿ ಅವನನ್ನು ಬಿಡುಗಡೆ ಮಾಡಿದ್ದಾಳೆ. ಟಾಮ್‌ಗೆ ಅದು ಮೊದಲೇ ಗೊತ್ತಿತ್ತು. ಓದಿ ನನಗೆ ಮೈ ಉರಿಯಿತು.

ಟ್ವೈನ್ 1876ರಲ್ಲಿ ಶುರುಮಾಡಿ, ನಡುನಡುವೆ ಬಿಟ್ಟು, 1883ರಲ್ಲಿ ಮುಗಿಸಿದ್ದು. ಕೊನೆ ಹೀಗೆ ಕೆಟ್ಟಿದ್ದಕ್ಕೆ ಅದೇ ಕಾರಣ ಅಂತ ನನಗನ್ನಿಸೋದಿಲ್ಲ. ಜಿಮ್‌ನನ್ನು ಅಷ್ಟು ದೊಡ್ಡ ಮನುಷ್ಯನಾಗಿ ಬೆಳೆಸಿದ ಮೇಲೆ ಅವನಿಗೆ ತಕ್ಕ ಮುಕ್ತಾಯ ತೋಚಲಿಲ್ಲ, ಅಷ್ಟೇ. ಅಮೆರಿಕದ ಲೇಖಕ ಹೆಮಿಂಗ್ವೇ ಕೂಡ 1935ರಲ್ಲಿ ಕೊನೆಯ ಭಾಗವನ್ನು ಮೋಸ ಅಂತಲೇ ಬರೆದ. ಆದರೂ ಅಮೆರಿಕದ ಸಾಹಿತ್ಯವೆಲ್ಲ ಹುಟ್ಟಿದ್ದು ಈ ಪುಸ್ತಕದಿಂದ ಅಂದವನೂ ಅವನೇ.

ಪುಸ್ತಕ ಕಳಿಸುತ್ತಿದ್ದೇನೆ. ಪೂರ್ತಿ ಓದು, ಸಾಣೆಕಲ್ಲಿನ ಭಾಗ ನಿನಗೆ ಹೇಗನ್ನಿಸಿತು ಬರೆ. ಅಮ್ಮನಿಗೆ, ಭಾವನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ತಮ್ಮ