ಹೊಸ ಕಾರಿನ ವಿಷಯ, ಎಲ್ಲರಿಗೂ ಒಂದೇ ಸಲ

ಡಿಪ್ಲೊಮಾ ಗೆಳೆಯರೇ, ಹೌದು, ಪೋರ್ಷೆ 911 ಅನ್ನೋ ಜರ್ಮನ್ ಸ್ಪೋರ್ಟ್ಸ್ ಕಾರು ತಗೊಂಡಿದ್ದೇನೆ. ಸೆಕೆಂಡ್ ಹ್ಯಾಂಡ್. ಒಬ್ಬೊಬ್ಬರಿಗೇ ಉತ್ತರ ಕೊಟ್ಟು ಸಾಕಾಯ್ತು.

"ಆ ದುಡ್ಡಿಗೆ ಸೈಟ್ ಬರ್ತಿತ್ತಲ್ಲೋ" ಅಂದಿರಿ. ಬರ್ತಿತ್ತು. ಪೀಣ್ಯದಲ್ಲಿ ಒಂದು ಹಳೇ ಲೇತ್ (ಲೋಹ ಕಡೆಯುವ ಮಷಿನ್) ಹಾಕಿಕೊಂಡು ಶುರು ಮಾಡಿದಾಗ ಶೆಡ್ಡಿನಲ್ಲೇ ಮಲಗುತ್ತಿದ್ದೆ. ಮಷಿನ್ ತಂಪು ಮಾಡೋ ಕೂಲಂಟ್ ವಾಸನೆ ಊಟದ ಡಬ್ಬಿಗೂ ಹತ್ತಿತ್ತು. ಇಪ್ಪತ್ತು ವರ್ಷ ಬಂದದ್ದನ್ನೆಲ್ಲ ಮಷಿನ್ನಿಗೇ ಸುರಿದೆ. ಈಗ ಸಾಲ ತೀರಿದೆ, ಹುಡುಗರಿಗೆ ಬೋನಸ್ಸೂ ಕೊಟ್ಟಾಗಿದೆ. ಇದು ನನಗೆ.

ಲೆಕ್ಕ ಹಾಕಿದರೆ ನಷ್ಟವೇ, ಒಪ್ಪಿದೆ. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಹೊಸ ಪೆಟ್ರೋಲ್ ಕಾರಿಗೆ ರಸ್ತೆ ತೆರಿಗೆಯೇ ಶೇ 18. ಅದಕ್ಕೇ ಹಳೆಯದು ಹುಡುಕಿದ್ದು. ಆದರೆ ಈ 911 ನೋಡಿ, 1963ರಲ್ಲಿ ಮೊದಲ ಸಲ ತೋರಿಸಿದ ಕಾರು. ಎಂಜಿನ್ ಇವತ್ತಿಗೂ ಹಿಂದೆಯೇ ಇದೆ. ಬೇರೆಯವರು ತಪ್ಪು ಅಂದಿದ್ದನ್ನೇ ಪೋರ್ಷೆಯವರು ತಿದ್ದುತ್ತಾ ತಿದ್ದುತ್ತಾ ಸರಿ ಮಾಡಿದ್ದಾರೆ. ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಲೆಕ್ಕದಲ್ಲಿ ಬೈಸಿಕೊಂಡ ನಮಗೆ ಅದರ ಬೆಲೆ ಗೊತ್ತಲ್ವಾ?

ಭಾನುವಾರ ಬೆಳಗ್ಗೆ 6ಕ್ಕೆ ಶೆಡ್ ಹತ್ತಿರ ಬನ್ನಿ. ಒಂದು ರೌಂಡಿಗೆ ಒಬ್ಬರೇ. ಹಿಂದಿನ ಸೀಟಿನಲ್ಲಿ ಮಕ್ಕಳು ಮಾತ್ರ ಹಿಡಿಸುತ್ತಾರೆ, ಹೊಟ್ಟೆ ಬಂದವರು ಸುಮ್ನೆ ಪ್ರಯತ್ನ ಮಾಡಬೇಡಿ. ಕಾರು ತೀರಾ ತಗ್ಗು, ಹಂಪ್ ಬಂದಾಗ ಓರೆಯಾಗಿ, ಆಮೆ ತರಹ ಹತ್ತಿಸುತ್ತೇನೆ. ಆಗ ನಗಬಾರದು. ತಿಂಡಿ ಖರ್ಚು ನಿಮ್ಮದು, ನನ್ನ ಜೇಬು ಖಾಲಿ.