ಶೆಲ್ಟರ್ ಬಾಗಿಲಿನಿಂದ ವಾಪಸ್ ಹೋದವನು

ಪ್ರೀತಿಯ ಗೆಳೆಯಾ,

ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ತಲೆಯಲ್ಲಿ ಕೂತಿದೆ. "ಅಮೆರಿಕದಲ್ಲಿ ಲೈಂಗಿಕ ಅಪರಾಧ ಮಾಡಿದವರ ಹೆಸರು, ಫೋಟೋ, ಮನೆ ವಿಳಾಸ ಎಲ್ಲಾ ಇಂಟರ್ನೆಟ್ಟಿನಲ್ಲೇ ಸಿಗುತ್ತಂತೆ. ನಮ್ಮಲ್ಲೂ ಹಾಗೇ ಮಾಡಬೇಕು, ಅಲ್ವಾ?" ಎಂದೆ. ನಾನು ಹೂಂ ಎಂದು ಮಾತು ಬದಲಿಸಿದೆ. ಹಾಗೆ ಸುಮ್ನೆ ಹೂಂ ಅನ್ನಬಾರದಿತ್ತು. ಫ್ಲೋರಿಡಾದಲ್ಲಿ ನಾನು ಕಣ್ಣಾರೆ ಕಂಡದ್ದೊಂದಿದೆ. ಅದನ್ನು ಹೇಳಲೆಂದೇ ಈ ಪತ್ರ.

2017ರ ಸೆಪ್ಟೆಂಬರ್. ಇರ್ಮಾ ಚಂಡಮಾರುತ ಬರುತ್ತಿತ್ತು. ಫ್ಲೋರಿಡಾದಲ್ಲಿ ಸುಮಾರು 65 ಲಕ್ಷ ಜನರಿಗೆ ಮನೆ ಬಿಡಿ ಎಂದು ಹೇಳಿದ್ದರು. ನಾವಿದ್ದದ್ದು ಟ್ಯಾಂಪಾ ಹತ್ತಿರ, ತಗ್ಗಿನಲ್ಲಿ. ಶನಿವಾರ ಮಧ್ಯಾಹ್ನ ಮಗಳು, ಎರಡು ಚಾಪೆ, ಒಂದು ಡಬ್ಬಿ ಚಿತ್ರಾನ್ನದ ಜೊತೆ ಕಾರು ಹತ್ತಿ ಶೆಲ್ಟರ್‌ಗೆ ಹೋದೆವು. ಇಲ್ಲಿ ಶೆಲ್ಟರ್ ಅಂದರೆ ಹೆಚ್ಚಾಗಿ ಶಾಲೆಯೇ. 2019ರ ನೆರೆಯಲ್ಲಿ ನೀನು ಓಡಾಡಿದ ಗಂಜಿ ಕೇಂದ್ರದ ಹಾಗೇ ಅಂದುಕೋ, ಅನ್ನ ಸಾರು ಒಂದಿಲ್ಲ ಅಷ್ಟೇ.

ಅದಕ್ಕೆ ಮೂರು ದಿನ ಮೊದಲು ಪಕ್ಕದ ಪೋಲ್ಕ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಶೆರಿಫ್, ಅಂದರೆ ಪೊಲೀಸ್ ಮುಖ್ಯಸ್ಥ, ಗ್ರೇಡಿ ಜಡ್ ಟ್ವಿಟರ್‌ನಲ್ಲಿ ಒಂದು ಎಚ್ಚರಿಕೆ ಕೊಟ್ಟಿದ್ದರು. ಪ್ರತಿ ಶೆಲ್ಟರ್ ಬಾಗಿಲಲ್ಲೂ ಪೊಲೀಸರು ಗುರುತಿನ ಚೀಟಿ ನೋಡುತ್ತಾರೆ, ಲೈಂಗಿಕ ಅಪರಾಧಿಗಳ ಪಟ್ಟಿಯಲ್ಲಿರುವವರನ್ನು ಒಳಗೆ ಬಿಡುವುದಿಲ್ಲ, ವಾರಂಟ್ ಇದ್ದವರನ್ನು ಜೈಲಿಗೆ ಕರೆದುಕೊಂಡು ಹೋಗುತ್ತೇವೆ ಎಂದು. ದೇಶದ ತುಂಬಾ ಜಗಳವಾಯಿತು. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲೂ ಪಾಸ್‌ಪೋರ್ಟ್ ಒಯ್ಯಬೇಕಾ, ವೀಸಾ ಕೇಳ್ತಾರಾ ಎಂದು ಒಂದೇ ಗಾಬರಿ. ಪಟ್ಟಿಯಲ್ಲಿರುವವರ ಬಗ್ಗೆ ಮಾತ್ರ ಗುಂಪಿನಲ್ಲಿ ಯಾರೂ ಒಂದು ಮಾತೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ.

ನಾವು ಹೋದ ಶೆಲ್ಟರ್‌ನಲ್ಲಿ ಹೆಸರು ಬರೆದುಕೊಳ್ಳಲು ಜನ ಸಾಲದೆ ನಾನೂ ಒಂದು ಕುರ್ಚಿ ಎಳೆದುಕೊಂಡು ಕೂತೆ. ಫಾರಂನಲ್ಲಿ ಊರು ಯಾವುದು, ಏನು ಔಷಧಿ ತಗೋತೀರಿ ಎಂಬ ಪ್ರಶ್ನೆಗಳ ನಡುವೆ ಇನ್ನೊಂದು ಸಾಲಿತ್ತು. ಕಾನೂನಿನ ಪ್ರಕಾರ ನೀವು ಯಾವುದಾದರೂ ಸರ್ಕಾರಿ ಕಚೇರಿಯಲ್ಲಿ ಹೆಸರು ನೋಂದಾಯಿಸಲೇಬೇಕಾದವರಾ? ನಾನು ವೋಟರ್ ಲಿಸ್ಟ್ ವಿಷಯ ಅಂದುಕೊಂಡಿದ್ದೆ. ಲೈಂಗಿಕ ಅಪರಾಧಿಗಳ ಪಟ್ಟಿಯಲ್ಲಿದ್ದೀರಾ ಎಂದು ಕೇಳುವ ರೀತಿ ಅದು ಎಂದು ಪಕ್ಕದ ಕುರ್ಚಿಯ ಹೆಂಗಸು ಕಿವಿಯ ಹತ್ತಿರ ಬಗ್ಗಿ ಹೇಳಿದರು.

ಸಂಜೆ ಐದರ ಸುಮಾರಿಗೆ ಒಬ್ಬ ಬಂದ. ನಲವತ್ತೈದು ಇರಬಹುದು. ಜೊತೆಗೆ ಹೆಂಡತಿ, ಆರೇಳು ವರ್ಷದ ಮಗಳು, ಮತ್ತೆ ಅವನ ತಾಯಿ. ಆ ಅಜ್ಜಿಯ ಕೈಯಲ್ಲಿ ವಾರದ ಮಾತ್ರೆಗಳ ಪ್ಲಾಸ್ಟಿಕ್ ಡಬ್ಬಿ. ನಾನು ಸಾಲಾಗಿ ಪ್ರಶ್ನೆ ಓದುತ್ತಾ ಬಂದೆ. ಆ ಸಾಲಿಗೆ ಬಂದಾಗ ಅವನು ಮಗಳ ಕಡೆ ಒಮ್ಮೆ ನೋಡಿದ. ಆಮೇಲೆ ಮೆಲ್ಲಗೆ "ಹೌದು" ಎಂದ.

ಬಾಗಿಲ ಹತ್ತಿರ ಇದ್ದ ಪೊಲೀಸಿನವನು ಅವನನ್ನು ಪಕ್ಕಕ್ಕೆ ಕರೆದ. ಎಲ್ಲೆಲ್ಲಿಗೋ ಫೋನ್ ಮಾಡಿದ. ಕೊನೆಗೆ ತಲೆ ಅಲ್ಲಾಡಿಸಿದ. ಮನೆಯವರು ಇರಬಹುದು, ನೀನು ಇರುವ ಹಾಗಿಲ್ಲ. "ಹಾಗಾದರೆ ಎಲ್ಲಿಗೆ ಹೋಗಲಿ?" ಎಂದು ಅವನು ಕೇಳಿದ್ದು ನನಗೆ ಕೇಳಿಸಿತು. ಪೊಲೀಸಿನವನ ಹತ್ತಿರ ಉತ್ತರ ಇರಲಿಲ್ಲ. ಅಜ್ಜಿ ಹೊದಿಕೆಗಳನ್ನು ಸೊಸೆಯ ಕೈಗೆ ಕೊಟ್ಟು, ಮಾತ್ರೆ ಡಬ್ಬಿ ಚೀಲಕ್ಕೆ ಹಾಕಿಕೊಂಡು, ಮಗನ ಹಿಂದೆಯೇ ಮಳೆಯಲ್ಲಿ ಪಿಕಪ್ ಗಾಡಿಯ ಕಡೆ ನಡೆದರು.

ನಿಜ ಹೇಳ್ತೀನಿ, ಆ ಹೊತ್ತಿಗೆ ನನಗೆ ನಿರಾಳವಾಯಿತು. ನನ್ನ ಮಗಳು ಒಳಗೆ ನೆಲದ ಮೇಲೆ ಮಲಗುವವಳು. ಗಾಳಿಯ ಸದ್ದು ಜೋರಾದಾಗಲೇ ಹೊಟ್ಟೆಯಲ್ಲಿ ಕಲಸಿದಂತಾಗಿದ್ದು. ಭಾನುವಾರ ರಾತ್ರಿ ಕರೆಂಟ್ ಹೋಯಿತು. ಅವನ ಮಗಳು ನಮ್ಮ ಚಾಪೆಯಿಂದ ಮೂರು ಚಾಪೆ ಆಚೆ ಮಲಗಿದ್ದಳು. ಛಾವಣಿ ದಡಬಡ ಎಂದಾಗಲೆಲ್ಲ ಎದ್ದು ಕೂತು ಅಪ್ಪ ಎಲ್ಲಿ, ಅಜ್ಜಿ ಎಲ್ಲಿ ಎಂದು ಕೇಳುವಳು. ತಾಯಿ ಪ್ರತಿ ಸಲವೂ "ಗಾಡಿಯಲ್ಲಿದ್ದಾರೆ ಪುಟ್ಟಾ" ಎನ್ನುವಳು. ಬೆಳಗಿನವರೆಗೂ ನಾನು ಕಣ್ಣು ಮುಚ್ಚಲಿಲ್ಲ.

ಸೋಮವಾರ ಮಧ್ಯಾಹ್ನ ಗಾಡಿ ಬಂತು. ಗಾಜಿಗೆಲ್ಲ ಎಲೆ ಅಂಟಿಕೊಂಡಿತ್ತು. ಎರಡು ರಾತ್ರಿಯನ್ನೂ ಒಂದು ಕಾಂಕ್ರೀಟ್ ಪಾರ್ಕಿಂಗ್ ಕಟ್ಟಡದ ಎರಡನೇ ಮಹಡಿಯಲ್ಲಿ ಗಾಡಿಯಲ್ಲೇ ಕೂತು ಕಳೆದರಂತೆ. ಅಜ್ಜಿಯ ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಹುಡುಗಿ ತನ್ನ ತಿಂಡಿಯಲ್ಲಿ ಉಳಿಸಿಟ್ಟಿದ್ದ ಬಿಸ್ಕತ್ತು ಪೊಟ್ಟಣವನ್ನು ಕಿಟಕಿಯಿಂದ ಒಳಗೆ ಕೊಟ್ಟಳು.

ಅವನು ಏನು ಮಾಡಿದ್ದ, ನನಗೆ ಗೊತ್ತಿಲ್ಲ. ಘೋರವಾದದ್ದೇ ಇರಬಹುದು. ಅವನ ಕೈಯಲ್ಲಿ ನೊಂದ ಮಗು ಎಲ್ಲೋ ಈಗ ದೊಡ್ಡದಾಗಿ, ಇನ್ನೂ ರಾತ್ರಿ ಬೆಚ್ಚಿ ಏಳುತ್ತಿರಬಹುದು. ಆ ಮಗುವಿನ ನೋವನ್ನು ಒಂದು ಕೂದಲಿನಷ್ಟೂ ಕಡಿಮೆ ಮಾಡಿ ಹೇಳಲು ನಾನು ಹೊರಟಿಲ್ಲ. ಆದರೆ ಅವನಿಗೆ ಏನು ಶಿಕ್ಷೆ ಎಂದು ಕೋರ್ಟು ಹೇಳಿ ಆಗಿತ್ತು. ಚಂಡಮಾರುತಕ್ಕೆ ಮೈಯೊಡ್ಡು ಎಂದು ಯಾವ ಜಡ್ಜೂ ಬರೆದಿರಲಿಲ್ಲ. ಅವನ ತಾಯಿಗಂತೂ ಯಾವ ಶಿಕ್ಷೆಯೂ ಇರಲಿಲ್ಲ.

ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡುತ್ತದೆ. ಅವನು ನಿಜ ಹೇಳಿದ. ನನ್ನ ಮೇಜಿನ ಮುಂದೆ "ಇಲ್ಲ" ಎಂದಿದ್ದರೆ ನಾನು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ, ಅವನು ಒಳಗೆ ಹೋಗುತ್ತಿದ್ದ. ಮುಂದಿನ ಸಲ ಅವನು ಏನು ಹೇಳಬಹುದು, ನೀನೇ ಯೋಚಿಸು.

ಆಮೇಲೆ ನಾನು ಈ ಕಾನೂನುಗಳನ್ನು ಓದತೊಡಗಿದೆ. ಫ್ಲೋರಿಡಾದಲ್ಲಿ ಪಟ್ಟಿಗೆ ಬಿದ್ದವನ ಹೆಸರು ಸಾಮಾನ್ಯವಾಗಿ ಸಾಯುವವರೆಗೂ ಅಲ್ಲೇ. ಮಕ್ಕಳ ಮೇಲೆ ದೌರ್ಜನ್ಯ ಮಾಡಿದ ಹಲವರು ಶಾಲೆ, ಪಾರ್ಕು, ಆಟದ ಮೈದಾನದಿಂದ 1,000 ಅಡಿಯೊಳಗೆ ವಾಸ ಮಾಡುವ ಹಾಗಿಲ್ಲ. ವಿಳಾಸ ಬದಲಾದರೆ 48 ಗಂಟೆಯೊಳಗೆ ಖುದ್ದಾಗಿ ಹೋಗಿ ಹೇಳಬೇಕು. ವರ್ಷದಲ್ಲಿ ಒಟ್ಟು 3 ದಿನ ಬೇರೆ ಕಡೆ ಉಳಿದರೂ ಅದು ಈಗ ತಾತ್ಕಾಲಿಕ ವಿಳಾಸ ಎಂದು ಲೆಕ್ಕ. ರಾಜ್ಯ ಬಿಟ್ಟು ಬೇರೆ ಕಡೆ ವಾಸಕ್ಕೆ ಹೋಗುವುದಾದರೆ ಹೊರಡುವ ಮೊದಲೇ ತಿಳಿಸಬೇಕು. ತಪ್ಪಿದರೆ ಅದೇ ಇನ್ನೊಂದು ಅಪರಾಧ, ಜೈಲು.

ಮಾಮೂಲಿ ದಿನದಲ್ಲಿ ಇದೆಲ್ಲ ಹೇಗೋ ನಡೆದೀತು. ಚಂಡಮಾರುತ ಬಂದಾಗ? ಶೆಲ್ಟರ್ ಶಾಲೆಯಲ್ಲಿದೆ, ಅವನು ಉಳಿಯಬಾರದ ಜಾಗವೂ ಶಾಲೆಯೇ. ತಂಗಿಯ ಮನೆಗೆ ಹೋಗೋಣ ಎಂದರೆ ಅದರ ಪಕ್ಕ ಪಾರ್ಕು. ಕಚೇರಿಗೆ ಹೋಗಿ ಹೇಳೋಣ ಎಂದರೆ ಬೀಗ. ಪ್ರೊಬೇಷನ್‌ನಲ್ಲಿ, ಅಂದರೆ ಜೈಲಿನ ಹೊರಗೆ ಅಧಿಕಾರಿಯ ನಿಗಾದಲ್ಲಿ ಇದ್ದರೆ, ಕೌಂಟಿ ದಾಟಲು ಆ ಅಧಿಕಾರಿಯ ಅನುಮತಿ ಬೇಕು, ಆ ಅಧಿಕಾರಿಯೂ ತನ್ನ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟಿರುತ್ತಾನೆ. ಕೆಲವರ ಕಾಲಿಗೆ ಅವರು ಎಲ್ಲಿದ್ದಾರೆಂದು ತೋರಿಸುವ ಜಿಪಿಎಸ್ ಯಂತ್ರ ಕಟ್ಟಿರುತ್ತಾರೆ, ಅದನ್ನು ದಿನಾ ಚಾರ್ಜ್ ಮಾಡಬೇಕು. ಇರ್ಮಾ ದಾಟಿದಾಗ ಫ್ಲೋರಿಡಾದಲ್ಲಿ ಮೂರರಲ್ಲಿ ಎರಡು ಪಾಲು ಗ್ರಾಹಕರಿಗೆ ಕರೆಂಟೇ ಇರಲಿಲ್ಲ.

ಮಯಾಮಿ ಕಡೆ ಇನ್ನೂ ಬಿಗಿ. 2005ರಲ್ಲಿ ಮಯಾಮಿ-ಡೇಡ್ ಕೌಂಟಿ 1,000 ಅಡಿಯನ್ನು 2,500 ಅಡಿ ಮಾಡಿತು. ಬಾಡಿಗೆಗೆ ಮನೆ ಸಿಗದೆ ಜನ ಜೂಲಿಯಾ ಟಟಲ್ ಸೇತುವೆಯ ಕೆಳಗೆ ಟೆಂಟ್ ಹಾಕಿಕೊಂಡರು. ನೂರಕ್ಕೂ ಹೆಚ್ಚು ಜನ, 2010ರವರೆಗೆ. ಕೆಲವರ ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಆ ಸೇತುವೆಯೇ ವಿಳಾಸ. ಚಂಡಮಾರುತದ ನಾಡಿನಲ್ಲಿ, ಕಡಲ ನೀರು ಕಾಲಿಗೆ ತಾಗುವ ಜಾಗದಲ್ಲಿ, ಕಾನೂನು ಪಾಲಿಸಿದರೆ ಉಳಿದಿದ್ದ ಮನೆ ಅದೊಂದೇ.

ಅಪ್ಪ ಅಮ್ಮಂದಿರ ಹೆದರಿಕೆ ಸುಳ್ಳಲ್ಲ. ಮಿನೆಸೋಟಾದಲ್ಲಿ 1989ರಲ್ಲಿ ಜೇಕಬ್ ವೆಟರ್ಲಿಂಗ್ ಎಂಬ 11 ವರ್ಷದ ಹುಡುಗನನ್ನು ದಾರಿಯಲ್ಲಿ ಎತ್ತಿಕೊಂಡು ಹೋದರು. ಅವನ ಮೂಳೆ ಸಿಕ್ಕಿದ್ದು 2016ರಲ್ಲಿ. ನೋಂದಣಿಯ ರಾಷ್ಟ್ರೀಯ ಕಾನೂನು 1994ರಲ್ಲಿ ಬಂದದ್ದು ಅವನ ಹೆಸರಿನಲ್ಲೇ, ಅದಕ್ಕಾಗಿ ಓಡಾಡಿದ್ದು ಅವನ ತಾಯಿ ಪ್ಯಾಟಿ. ಪಟ್ಟಿ ಪೊಲೀಸರ ಕೈಯಲ್ಲಿರಲಿ ಎಂಬುದು ಆಗಿನ ಉದ್ದೇಶ. ಎಲ್ಲರಿಗೂ ಕಾಣಿಸಬೇಕು ಎಂಬುದು 1996ರಲ್ಲಿ ಬಂತು. ಈ ಕಾನೂನುಗಳು ತೀರಾ ದೂರ ಹೋದವು ಎಂದು ಆಮೇಲೆ ಆ ತಾಯಿಯೇ ಹೇಳಿದರು. ಮಗನನ್ನೇ ಕಳೆದುಕೊಂಡವರ ಮಾತು ಅದು.

ಅಮೆರಿಕದ ನ್ಯಾಯ ಇಲಾಖೆ 2000ದಲ್ಲಿ ಒಂದು ಲೆಕ್ಕ ಕೊಟ್ಟಿತು. ಪೊಲೀಸರ ತನಕ ಬಂದ ಪ್ರಕರಣಗಳಲ್ಲಿ, ನೊಂದ ಮಕ್ಕಳಲ್ಲಿ 100ಕ್ಕೆ 93 ಮಕ್ಕಳಿಗೆ ಅಪರಾಧಿ ಗೊತ್ತಿದ್ದವನೇ. ಮನೆಯವನು, ನೆಂಟ, ಪರಿಚಯದವನು. ಅಂಥವನು ಮಗುವಿನ ಕೈ ಹಿಡಿದುಕೊಂಡೇ ಶೆಲ್ಟರ್ ಒಳಗೆ ಬರುತ್ತಾನೆ. ಅವನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲದಿರಬಹುದು. ಬಾಗಿಲಲ್ಲಿ ಒಬ್ಬನನ್ನು ವಾಪಸ್ ಕಳಿಸಿದೆವು ಎಂದು ನಾವೆಲ್ಲ ಧೈರ್ಯವಾಗಿದ್ದೆವು. ಶೌಚಾಲಯದ ಓಣಿಯಲ್ಲಿ ಮಾತ್ರ ಒಂದು ದೀಪವೂ ಇರಲಿಲ್ಲ.

ಹಾಗಾದರೆ ಏನು ಮಾಡಬೇಕು ಅಂತೀಯಾ? ಮಕ್ಕಳ ಪಕ್ಕದಲ್ಲಿ ಪಟ್ಟಿಯಲ್ಲಿರುವವರಿಗೆ ಹಾಸಿಗೆ ಕೊಡಿ ಎಂದು ನಾನು ಹೇಳುತ್ತಿಲ್ಲ. ಕೆಲವು ಕೌಂಟಿಗಳು ಅವರಿಗೆಂದೇ ಬೇರೆ ಕಟ್ಟಡ ಗುರುತಿಸಿ, ಪೊಲೀಸ್ ಕಾವಲು ಇಟ್ಟು, ಮೊದಲೇ ತಿಳಿಸುತ್ತವೆ. ಲೂಸಿಯಾನಾದ ಕಾನೂನು ಶೆಲ್ಟರ್‌ಗೆ ಬಂದವನು 24 ಗಂಟೆಯೊಳಗೆ ಅಲ್ಲಿಯ ಮುಖ್ಯಸ್ಥರಿಗೂ ಪೊಲೀಸರಿಗೂ ತಾನೇ ಹೇಳಬೇಕು ಎನ್ನುತ್ತದೆ. 2005ರ ಕತ್ರಿನಾ ಚಂಡಮಾರುತದಲ್ಲಿ ಪಟ್ಟಿಯಲ್ಲಿದ್ದ ಎಷ್ಟೋ ಜನ ಎಲ್ಲಿ ಹೋದರು ಎಂದು ಪೊಲೀಸರಿಗೇ ತಿಳಿಯದೆ ಹೋಯಿತು. ಕಾವಲಿರುವ ಕಟ್ಟಡದಲ್ಲಿ ಇದ್ದರೆ ಅವನು ಎಲ್ಲಿದ್ದಾನೆ ಎಂದಾದರೂ ಗೊತ್ತಿರುತ್ತದೆ. ಕತ್ತಲಲ್ಲಿ ಓಡಿಸಿದರೆ ಅದೂ ಇಲ್ಲ. ನಮ್ಮ ಮಕ್ಕಳಿಗೆ ಯಾವುದು ಒಳ್ಳೆಯದು?

ಈಗ ನಿನ್ನ ಪ್ರಶ್ನೆ. ನಮ್ಮ ದೇಶದಲ್ಲೂ ಇಂಥ ಪಟ್ಟಿ ಇದೆ ಮಾರಾಯ. 2018ರ ಸೆಪ್ಟೆಂಬರಿನಲ್ಲಿ ಕೇಂದ್ರ ಗೃಹ ಇಲಾಖೆ ಶುರು ಮಾಡಿತು, ಆಗಲೇ ಅದರಲ್ಲಿ 4.4 ಲಕ್ಷ ಹೆಸರುಗಳಿದ್ದವು. ಪೊಲೀಸರು, ತನಿಖೆ ಮಾಡುವವರು ಮಾತ್ರ ನೋಡಬಹುದು. ಅದು ಹಾಗೇ ಇರಲಿ ಎನ್ನುವುದು ನನ್ನ ಮಾತು. ನಮ್ಮ ಹಳ್ಳಿಯಲ್ಲಿ ಅದು ಎಲ್ಲರ ಮೊಬೈಲಿಗೆ ಬಂದರೆ ಏನಾಗುತ್ತದೆ ಎಂದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಹೊಳೆ ಉಕ್ಕಿದ ರಾತ್ರಿ ಯಾರನ್ನು ಶಾಲೆಯೊಳಗೆ ಬಿಡಬೇಕು ಎಂದು ಬಾಗಿಲಲ್ಲಿ ನಿಂತು ತೀರ್ಮಾನಿಸುವವರು ಯಾರು? ಹೆಸರು ಒಂದೇ ಆದ ಇನ್ನೊಬ್ಬನ ಗತಿ ಏನು? ಅವನ ಹೆಂಡತಿ ಮಕ್ಕಳಿಗೆ ಆಮೇಲೆ ಆ ಊರಿನಲ್ಲಿ ನೀರು ಕೊಡುವವರು ಯಾರು?

2019ರಲ್ಲಿ ನೀನೇ ಹೇಳಿದ್ದೆ ನೋಡು, ಹೆಣ್ಣುಮಕ್ಕಳು ಕತ್ತಲಾದ ಮೇಲೆ ಶೌಚಾಲಯಕ್ಕೆ ಹೋಗಲು ಹೆದರಿ ನೀರೇ ಕುಡಿಯುತ್ತಿರಲಿಲ್ಲ ಎಂದು. ಶೆಲ್ಟರ್‌ನ ಆ ಕತ್ತಲೆ ಓಣಿ ನೋಡಿದಾಗಿನಿಂದ ನನಗೆ ನಿನ್ನ ಆ ಮಾತೇ ನೆನಪಾಗುತ್ತದೆ. ಜೂನ್ ಹತ್ತಿರ ಬಂತು. ಇಲ್ಲಿ ಚಂಡಮಾರುತದ ಕಾಲ, ಅಲ್ಲಿ ಮಳೆಗಾಲ. ನಮ್ಮ ಕೌಂಟಿಯ ಸಭೆಯಲ್ಲಿ ಈ ಸಲ ನಾನು ಎದ್ದು ನಿಂತು, ಪಟ್ಟಿಯಲ್ಲಿರುವವರಿಗೆ ಯಾವ ಕಟ್ಟಡ ಗುರುತಿಸಿದ್ದೀರಿ ಎಂದು ಕೇಳುತ್ತೇನೆ. ಹೆಂಡತಿ ಬೇಡ ಎಂದಳು, ಜನ ನಮ್ಮನ್ನೇ ಬೇರೆ ರೀತಿ ನೋಡ್ತಾರೆ ಎಂದಳು. ಆಮೇಲೆ ತಾನೂ ಬರುತ್ತೇನೆ ಎಂದಳು.

ಶಾಲೆಯ ಹಿಂದಿನ ಆ ಶೌಚಾಲಯಕ್ಕೆ ಬಲ್ಬ್ ಹಾಕಿಸಿದರಾ? ಒಳಗಿನ ಚಿಲಕ ಮುರಿದಿದೆ ಎಂದಿದ್ದೆಯಲ್ಲ, ಅದು ಸರಿಯಾಯಿತಾ? ಪಂಚಾಯ್ತಿಯಲ್ಲಿ ದುಡ್ಡಿಲ್ಲ ಎಂದರೆ ಬರೆ, ನಾನು ಕಳಿಸುತ್ತೇನೆ. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ
ಗೆಳೆಯ